ನೂಲಿಲ್ಲದ ಯುಕ್ಕಾ

ಆ ಶನಿವಾರ ಬೆಳಿಗ್ಗೆ ಸಿರಿಲ್ ಬ್ರೇತ್‌ವೇಟ್ ಕನ್ನಡಕವನ್ನು ಮನೆಯಲ್ಲಿ ಮರೆತು ಹೊರಟದ್ದೇ ಎಲ್ಲ ಅನಾಹುತಕ್ಕೂ ಮೂಲ. ಕನ್ನಡಕ ಮೂಗಿನ ಮೇಲೆ ಇದ್ದಿದ್ದರೆ ಬೇಲಿಯಾಚೆಯಿಂದಲೇ ನೋಡಿ ತೀರ್ಪು ಕೊಟ್ಟು ಪೇಪರು ತರಲು ಹೋಗಿಬಿಡುತ್ತಿದ್ದ. ಬರ್ನಿ ಸ್ಕೇಫ್‌ನ ಮಾನ ಒಂದೇ ಏಟಿಗೆ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ತಣ್ಣಗಾಗುತ್ತಿತ್ತು. ಕನ್ನಡಕ ಇರಲಿಲ್ಲವಾಗಿ ಮಾನ ಕಂತಿನ ಮೇಲೆ ಹೋಯಿತು.

"ಬರ್ನೀ! ಲೋ ಬರ್ನೀ! ಏನಯ್ಯಾ ಅದು, ಹಿತ್ತಲಲ್ಲಿ ದೀಪದ ಕಂಬ ನೆಟ್ಟಿದ್ದೀಯಾ?"

ಚಹಾ ಲೋಟ ಹಿಡಿದು ಹಿತ್ತಲಲ್ಲಿ ನಿಂತಿದ್ದ ಬರ್ನಿಯ ಎದೆ ಉಬ್ಬಿತು. ಊರಿನ ಬಸ್ ಓಡಿಸುವ ಬರ್ನಿಗೆ ಎದೆ ಉಬ್ಬುವ ಸಂದರ್ಭಗಳು ಕಮ್ಮಿ. ಆದರೆ ಆವತ್ತಿನದು ನಿಜಕ್ಕೂ ಉಬ್ಬಬೇಕಾದದ್ದೇ. ಅಡುಗೆಮನೆಯ ಗೋಡೆಗೆ ಒರಗಿಕೊಂಡು, ಕಲ್ಲಿದ್ದಲ ಗೂಡಿನ ಮರೆಯಲ್ಲಿ ಹತ್ತು ಹನ್ನೊಂದು ವರ್ಷ ಮೂಗನ ಹಾಗೆ ನಿಂತಿದ್ದ ಯುಕ್ಕಾ ಗಿಡ ಮೊದಲ ಸಲ ಹೂವಿನ ದಂಟು ಎತ್ತಿತ್ತು. ನೋಡಲು ಅದು ಕತ್ತಾಳೆಯ ತಂಗಿ. ಆದರೆ ದಂಟಿನ ತುಂಬ ಕೆನೆಬಣ್ಣದ ಗಂಟೆಗಳು, ನೂರಾರು, ಬರ್ನಿಯ ತಲೆಗಿಂತ ಎತ್ತರಕ್ಕೆ. ನಮ್ಮ ಹೆಲ್ಡರ್‌ಬಿಯ ಸಮುದ್ರದ ಗಾಳಿಗೆ ಬಟ್ಟೆ ಒಣಗಿದರೇ ದೊಡ್ಡದು, ಅಂಥದ್ದರಲ್ಲಿ ಇದು.

"ಯುಕ್ಕಾ ಕಣಯ್ಯಾ! ಎಡ್ನಾ ಸಿಸ್ಟರ್ ಕೊಟ್ಟಿದ್ದು! ಕೊನೆಗೂ ಹೂ ಬಿಡ್ತು ನೋಡು! ಸಾಯಂಕಾಲ ಅವರನ್ನ ಚಹಾಕ್ಕೆ ಕರೆದಿದ್ದೀನಿ!"

ಸಿರಿಲ್ ಬೇಲಿಯ ಮೇಲೆ ಗದ್ದ ಊರಿ ಕಣ್ಣು ಕಿರಿದು ಮಾಡಿದ. ಅವನು ಊರಿನ ತೋಟಗಾರರ ಸಂಘದ ಕಾರ್ಯದರ್ಶಿ. ಕಂಡಕಂಡ ಗಿಡಕ್ಕೆಲ್ಲ ಹೆಸರಿನ ಚೀಟಿ ಕಟ್ಟದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ.

"ಸಿಸ್ಟರ್ ಕೊಟ್ಟಿದ್ದಾ? ಅವರ ಗೇಟಿನ ಹತ್ತಿರ ಇರೋದೆಲ್ಲ ನೂಲಿನ ಯುಕ್ಕಾ. ಎಲೆ ಅಂಚಿಂದ ಬಿಳೀ ನೂಲು ಸುರುಳಿ ಸುರುಳಿಯಾಗಿ ಬಿಚ್ಕೊಂಡಿರುತ್ತೆ, ಹಳೇ ಸ್ವೆಟರ್ ಥರ. ನಿಂದು ಇಲ್ಲಿಂದ ನುಣ್ಣಗೆ ಕಾಣುತ್ತಪ್ಪ. ನುಣ್ಣಗಿದ್ರೆ ಅದು ಬಾಕು ಯುಕ್ಕಾ. ಬೇರೇ ಜಾತಿ."

"ಬೇರೇ... ಜಾತಿನಾ?"

"ಮತ್ತೆ? ನೂಲಿನದರ ಬುಡದಿಂದ ಕಂದು ಕಿತ್ತು ನೆಟ್ರೆ ನೂಲಿನದೇ ಬರಬೇಕು. ಕುರಿ ಹೊಟ್ಟೇಲಿ ಮೇಕೆ ಹುಟ್ಟುತ್ತಾ?" ಸಿರಿಲ್ ಮೂಗು ತಡವಿಕೊಂಡ. "ಕನ್ನಡಕ ಬೇರೆ ಮನೇಲೇ ಬಿಟ್ಟೆ. ಇರ್ಲಿ, ಸಾಯಂಕಾಲ ಸಿಸ್ಟರ್ ಜೊತೆ ನಾನೂ ಚಹಾಕ್ಕೆ ಬರ್ತೀನಿ. ಭೂತಗನ್ನಡಿ ತರ್ತೀನಿ. ನೂಲಿದ್ರೆ ಸಿಸ್ಟರ್‌ದು, ಇಲ್ಲದಿದ್ರೆ ಸಿಸ್ಟರ್‌ದಲ್ಲ. ಅಲ್ಲೇ ಚೀಟಿ ಕಟ್ಟೇಬಿಡೋಣ."

ಬರ್ನಿಯ ಉಬ್ಬಿದ ಎದೆ ಪಂಕ್ಚರಾದ ಟೈರಿನ ಹಾಗೆ ಇಳಿಯಿತು. ಯಾಕೆಂದರೆ ಆ ಗಿಡ ಎಡ್ನಾ ಸಿಸ್ಟರ್ ಕೊಟ್ಟದ್ದಲ್ಲ. ಅವರು ಕೊಟ್ಟ ಗಿಡ ಸತ್ತು ಯಾವುದೋ ಕಾಲವಾಗಿತ್ತು.

ಈ ಎಡ್ನಾ ಹೆಸ್ಲಪ್ ಎಂಬವರು ಸೈಕಲ್ ಮೇಲೆ ಮನೆಮನೆ ತಿರುಗಿ ಸುತ್ತಮುತ್ತಲಿನ ಅರ್ಧ ಊರಿನ ಹೆರಿಗೆ ಮಾಡಿಸಿ, ಇನ್ನರ್ಧ ಊರಿನ ಗಾಯ ತೊಳೆದ ನರ್ಸು. ನಿವೃತ್ತಿಯಾದರೂ ಬೀದಿಗೆಲ್ಲ ಸಿಸ್ಟರೇ. ಬರ್ನಿ ಮತ್ತು ಅವನ ಹೆಂಡತಿ ಹಿಲ್ಡಾ ಈ ಚಾಪೆಲ್ ಬೀದಿಗೆ ಬಂದ ಮೊದಲ ಚಳಿಗಾಲ ಬರ್ನಿ ಹಿಮದ ಮೆಟ್ಟಿಲ ಮೇಲೆ ಜಾರಿ ತೊಡೆ ಮುರಿದುಕೊಂಡ. ಗುರುತಿಲ್ಲ ಪರಿಚಯವಿಲ್ಲ, ಪಕ್ಕದ ಮನೆಯಿಂದ ಈ ಹೆಂಗಸು ಬಂದು ಬಾಗಿಲ ಹಿಮ ಗೋರಿ, ಒಲೆ ಹಚ್ಚಿ, ಬ್ಯಾಂಡೇಜು ಬದಲಿಸಿ, ಕುರಿಮಾಂಸದ ಸಾರು ಕುಡಿಸಿ ಹೋದಳು. ಮರುದಿನವೂ ಬಂದಳು. ಚಳಿಗಾಲ ಮುಗಿಯುವ ತನಕ ಬಂದಳು. ಬರ್ನಿ ಬಾಯಿ ತೆರೆದರೆ ಅದರೊಳಗೆ ಥರ್ಮಾಮೀಟರ್ ಇಟ್ಟುಬಿಡುತ್ತಿದ್ದಳು. ಬರ್ನಿಗೆ ಕೃತಜ್ಞತೆ ಹೊಟ್ಟೆಯಿಂದ ಗಂಟಲವರೆಗೆ ತುಂಬಿಕೊಂಡಿತ್ತು, ಹೊರಗೆ ಬರಲು ದಾರಿಯೇ ಇರಲಿಲ್ಲ.

ಅವನು ಎದ್ದು ಓಡಾಡಿದ ದಿನ ಸಿಸ್ಟರ್ ಪೇಪರಿನಲ್ಲಿ ಸುತ್ತಿದ ಒಂದು ಯುಕ್ಕಾ ಕಂದನ್ನು ಕೈಗಿಟ್ಟರು. "ಬಗ್ಗಿ ಎದ್ದು ನೆಡು, ಕಾಲಿಗೆ ಒಳ್ಳೇದು. ಮತ್ತೆ ನೋಡು, ಅದೊಂದು ಮಾತು ಮಾತ್ರ ಆಡಬೇಡ."

ಅದೊಂದು ಮಾತು ಎಂದರೆ ಥ್ಯಾಂಕ್ ಯೂ. ನಮ್ಮ ಕಡೆ ಯಾರಾದರೂ ಗಿಡ ಕೊಟ್ಟರೆ ಥ್ಯಾಂಕ್ ಯೂ ಅನ್ನಬಾರದು. ಅಂದರೆ ಗಿಡ ಉಳಿಯುವುದಿಲ್ಲ. ಇದು ಅಜ್ಜಿಯರ ಕಾಲದ ಕಟ್ಟಳೆ. ಪಾದ್ರಿಗಳು ಕೂಡ ದೇವರಿಗೆ ದಿನಕ್ಕೆ ಹತ್ತು ಸಲ ಅಂದಾರು, ಟೊಮ್ಯಾಟೊ ಸಸಿ ಕೊಟ್ಟವರಿಗೆ ಮಾತ್ರ "ಹೂಂ, ತಂದ್ರಾ" ಎಂದು ಗೊಣಗಿ ಬಾಗಿಲು ಹಾಕಿಕೊಳ್ಳುತ್ತಾರೆ.

"ಹೂ ಬಿಟ್ಟ ದಿನ ಚಹಾಕ್ಕೆ ಕರಿ. ಅದೇ ನೀನು ಹೇಳಿದ ಹಾಗೆ" ಎಂದರು ಸಿಸ್ಟರ್.

ಬರ್ನಿ ಬಾಯಿ ಬಿಗಿಹಿಡಿದು ಗಿಡ ನೆಟ್ಟ. ನೆಟ್ಟದ್ದು ನೀರು ನಿಲ್ಲುವ ಜೇಡಿಮಣ್ಣಿನ ಗುಂಡಿಯಲ್ಲಿ. ಮುಂದಿನ ಚಳಿಗಾಲಕ್ಕೆ ಅದು ಬೇಯಿಸಿದ ಈರುಳ್ಳಿ ಸೊಪ್ಪಿನ ಹಾಗೆ ಕೈಗೆ ಬಂತು. ಯುಕ್ಕಾ ಚಳಿಗೆ ಹೆದರುವುದಿಲ್ಲ, ಕಾಲು ಒದ್ದೆಯಾದರೆ ಮಾತ್ರ ಸಹಿಸುವುದಿಲ್ಲ ಎಂದು ಅವನಿಗೆ ಯಾರು ಹೇಳಬೇಕು? ತಾನು ಮನಸ್ಸಿನಲ್ಲಿ ಥ್ಯಾಂಕ್ ಯೂ ಅಂದುಕೊಂಡದ್ದಕ್ಕೇ ಸತ್ತಿತು ಎಂದು ಅವನು ತಿಳಿದ. ನಡುಗಿಹೋಗಿ, ಯಾರಿಗೂ ಗೊತ್ತಾಗದ ಹಾಗೆ ದೂರದ ನರ್ಸರಿಯಿಂದ ಇನ್ನೊಂದು ಯುಕ್ಕಾ ತಂದ. ಅಲ್ಲಿಯವನು ಹೇಳಿದಂತೆ ಮಣ್ಣಿಗೆ ಮರಳು, ಇಟ್ಟಿಗೆ ಚೂರು ಬೆರೆಸಿ, ಏರಿ ಮಾಡಿ, ಬಿಸಿಲು ಬೀಳುವ ಗೋಡೆಯ ಪಕ್ಕ ನೆಟ್ಟ. ಚಳಿಗಾಲ ಬಂದಾಗಲೆಲ್ಲ ಗೋಣಿ ಸುತ್ತಿದ. ಎಡ್ನಾ ಸಿಸ್ಟರ್ ಬಂದಾಗ "ಹೇಗಿದೆ ನನ್ನ ಗಿಡ?" ಎಂದು ಕೈಯಾಡಿಸಿ, "ಪರವಾಗಿಲ್ಲ" ಎಂದು ಹೋಗುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷವಾಗಿತ್ತು. ಅವರಿಗೆ ಗಿಡವೂ ಒಂದೇ, ಹಸಿರು ಬಕೆಟ್ಟೂ ಒಂದೇ.

ಆದರೆ ಹೋದ ತಿಂಗಳು ಪೊರೆ ತೆಗೆಸಿದ್ದರು. ಈಗ ಅವರು ಬೀದಿಯ ಆ ತುದಿಯ ಬೆಕ್ಕಿನ ಮೀಸೆ ಎಣಿಸುತ್ತಿದ್ದರು.

"ಹೋಗಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡು" ಎಂದಳು ಹಿಲ್ಡಾ, ಕೇಕಿಗೆ ಹಿಟ್ಟು ಕಲೆಸುತ್ತ. "ಸತ್ತುಹೋಯ್ತು ಸಿಸ್ಟರ್, ಬೇರೇದು ತಂದೆ ಅಂತ. ಅವರೇನು ನಿನ್ನ ನುಂಗ್ತಾರಾ?"

"ಹೇಗೆ ಹೇಳ್ಲಿ ಹಿಲ್ಡಾ? ಇಷ್ಟು ವರ್ಷ ನಂದೇ ಗಿಡ ನಂದೇ ಗಿಡ ಅಂತ ಬಂದು ಸವರಿ ಹೋಗಿದ್ದಾರೆ. ಅವರು ನನಗೆ ಕಾಲು ಕೊಟ್ರು. ನಾನು ಅವರು ಕೊಟ್ಟ ಒಂದು ಗಿಡ ಉಳಿಸಲಿಲ್ಲ. ಅವರಿಗೆ ನಾನು ಕೊಡಬಹುದಾದ ಥ್ಯಾಂಕ್ಸ್ ಅಂದ್ರೆ ಇದೊಂದೇ ಹೂವು. ಅದೂ ಸುಳ್ಳು ಅಂತ ಗೊತ್ತಾದ್ರೆ?" ಬರ್ನಿ ತೋಳಿನಿಂದ ಕಣ್ಣೊರೆಸಿಕೊಂಡ. ಅಳುಬುರುಕ ಅಲ್ಲ ಅವನು, ಆದರೆ ಸಿಸ್ಟರ್ ವಿಷಯ ಬಂದರೆ ಹಾಗೇ.

ಹಿಲ್ಡಾ ಕೈಯ ಹಿಟ್ಟು ಕೊಡವಿ ಅವನನ್ನು ನೋಡಿದಳು. ಅವನ ದೃಷ್ಟಿ ಅವಳ ಹೊಲಿಗೆ ಬುಟ್ಟಿಯ ಮೇಲಿತ್ತು. ಬುಟ್ಟಿಯಲ್ಲಿ ಬಿಳಿ ನೂಲಿನ ಉಂಡೆ.

"ಬೇಡ" ಎಂದಳು ಹಿಲ್ಡಾ.

"ಒಂದೇ ಒಂದು ಉಂಡೆ."

"ಬರ್ನೀ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಗಿಡಕ್ಕೆ ನೂಲು ಅಂಟಿಸ್ತೀಯಾ?"

"ಅಂಚಿಗೆ ಅಲ್ಲೊಂದು ಇಲ್ಲೊಂದು ಅಷ್ಟೆ. ಸುರುಳಿ ಮಾಡಿ."

"ಮಾಡು, ಮಾಡು. ಬೀದಿಯವರಿಗೆ ನಗೋಕೆ ಈ ವರ್ಷ ಏನೂ ಇರಲಿಲ್ಲ."

ಮೊದಲು ಬರ್ನಿ ಮೈದಾ ಅಂಟು ಕಾಯಿಸಿಕೊಂಡು ಹೋದ. ಬೆರಳುದ್ದದ ನೂಲನ್ನು ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿ, ಎಲೆಯ ಅಂಚಿಗೆ ಒತ್ತಿ, ಉಸಿರು ಬಿಗಿಹಿಡಿದು ನಿಂತ. ಮೊದಲನೆಯದು ಕೂತಿತು. ಎರಡನೆಯದೂ ಕೂತಿತು. ಮೂರನೆಯದನ್ನು ಕೂರಿಸುವಾಗ ಸಮುದ್ರದ ಕಡೆಯಿಂದ ಒಂದು ಗಾಳಿ ಬೀಸಿ ಮೂರನ್ನೂ ಎತ್ತಿಕೊಂಡು ಹೋಗಿ ಇನ್ನೊಂದು ಪಕ್ಕದ ಮನೆಯ ಡೆರೆಕ್‌ನ ಮೀಸೆಗೆ ಅಂಟಿಸಿತು. ಡೆರೆಕ್ ಅಷ್ಟು ಹೊತ್ತಿನಿಂದ ಗೋಡೆಯ ಮೇಲಿಂದ ತಲೆ ಹಾಕಿ ನೋಡುತ್ತಿದ್ದ ಎಂದು ಬರ್ನಿಗೆ ಆಗಲೇ ಗೊತ್ತಾದದ್ದು.

"ಏನ್ ಗುರೂ, ಗಿಡಕ್ಕೆ ಸ್ವೆಟರ್ ಹೆಣೀತಿದ್ದೀಯಾ?"

"ಅದು... ಹಕ್ಕಿ ಬರಬಾರದು ಅಂತ" ಎಂದ ಬರ್ನಿ. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಮುಖ ಬೀಟ್‌ರೂಟ್ ಆಗಿತ್ತು.

"ಹಕ್ಕಿಗಾ? ಅದಕ್ಕೆ ಮೈದಾ ಅಂಟು ಹಾಕಿದ್ರೆ ಹಕ್ಕಿ ಬಂದು ತಿಂದು ಹೋಗುತ್ತೆ ಮಾರಾಯ! ತಡಿ, ನನ್ನ ಹತ್ರ ಕಾರ್ಪೆಟ್ಟಿನ ಅಂಟಿದೆ. ನಮ್ಮತ್ತೆ ಮನೆ ನಡುಮನೇಲಿ ಅದರಿಂದ ಹಾಕಿದ ಕಾರ್ಪೆಟ್ಟು, ಮನೆ ಬಿದ್ರೂ ಬೀಳಲ್ಲ."

ಡೆರೆಕ್ ಉಪಕಾರಿ. ಬೇಡ ಎನ್ನುವವರಿಗೂ ಉಪಕಾರ ಮಾಡದೆ ಬಿಡುವವನಲ್ಲ. ಅಂಟಿನ ಡಬ್ಬಿ ತಂದ. ಒಂದು ಗೇಣಗಲದ ಬ್ರಷ್ ತಂದ. ಬೇಗ ಒಣಗಲಿ ಎಂದು ಹೆಂಡತಿಯ ಹೇರ್ ಡ್ರೈಯರ್ ತಂದು, ಉದ್ದನೆಯ ವೈರನ್ನು ಕಿಟಕಿಯಿಂದ ಎಳೆದು, ಗೋಡೆ ಹಾರಿ, ಗಿಡದ ಮುಂದೆ ನಿಂತು ಕ್ಷೌರಿಕನ ಹಾಗೆ ಊದತೊಡಗಿದ. ಮಧ್ಯಾಹ್ನ ತಿರುಗುವಷ್ಟರಲ್ಲಿ ಗಿಡಕ್ಕೆ ಹೇರಳವಾಗಿ ಬಿಳಿ ನೂಲು ಬಂದಿತ್ತು. ಹೇರಳ ಅಂದರೆ ಸ್ವಲ್ಪ ಅತಿಯಾಗಿಯೇ ಬಂದಿತ್ತು. ದೂರದಿಂದ ನೋಡಿದರೆ ಯಾರೋ ಮುದುಕ ಗಡ್ಡ ಬಿಟ್ಟುಕೊಂಡು ಗೋಡೆಗೆ ಒರಗಿ ಕೂತಂತಿತ್ತು.

"ಆದ್ರೆ ಬರ್ನಿ," ಎಂದ ಡೆರೆಕ್, ಹಿಂದೆ ಸರಿದು ತಲೆ ವಾಲಿಸಿ, "ಸಿಸ್ಟರ್ ಮನೇದಕ್ಕೆ ಕಾಂಡ ಇಲ್ವಲ್ಲ. ನೆಲಕ್ಕೇ ಕೂತಿರುತ್ತೆ ಅದು. ನಿಂದು ನೋಡು, ಒಂದು ಮೊಳ ಎದ್ದು ನಿಂತಿದೆ."

ಅವನು ಸುಮ್ಮನೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಬರ್ನಿ ಹೆಗಲು ಮುಟ್ಟಿ ನೋಡಿಕೊಂಡ. ಕೈಗಾಡಿ ತಂದು, ದಾರಿಗೆ ಹಾಸಲು ತರಿಸಿಟ್ಟಿದ್ದ ಜಲ್ಲಿಯನ್ನೆಲ್ಲ ತುಂಬಿ ತುಂಬಿ ಗಿಡದ ಬುಡಕ್ಕೆ ಸುರಿದ. ಕಾಂಡ ಮುಚ್ಚಿತು. ಗಿಡದ ಸುತ್ತ ಸಣ್ಣ ಗುಡ್ಡವೆದ್ದಿತು. ಗುಡ್ಡದ ಮೇಲಿನ ಗಡ್ಡದ ಮುದುಕ.

ಕೊನೆಯ ಹಿಡಿ ಜಲ್ಲಿಯನ್ನು ಸವರಿ ಸಮ ಮಾಡಲು ಬರ್ನಿ ಬಗ್ಗಿದ. ಬಗ್ಗುವ ಮುನ್ನ ಹಿಂದೆ ನೋಡಬೇಕಿತ್ತು. ಬಾಕು ಯುಕ್ಕಾ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಆ ಎಲೆಯ ತುದಿ ಪ್ಯಾಂಟು ದಾಟಿ, ಒಳಚಡ್ಡಿ ದಾಟಿ, ಬಸ್ಸಿನ ಸೀಟಿನ ಮೇಲೆ ಮೂವತ್ತು ವರ್ಷ ಕೂತು ಗಟ್ಟಿಯಾದ ಜಾಗಕ್ಕೆ ನೇರವಾಗಿ ಇಳಿಯಿತು.

"ಅಯ್ಯಯ್ಯಪ್ಪೋ!"

ಬರ್ನಿ ಹಾರಿದ. ಹಾರಿದವನು ಬಿದ್ದದ್ದು ಗಿಡದ ತೆಕ್ಕೆಗೆ. ಹಿಲ್ಡಾ ಹೆಣೆದ ಕಂದು ಸ್ವೆಟರಿನ ಎರಡೂ ತೋಳು ಹಸಿ ಅಂಟಿಗೆ ಮೆತ್ತಿಕೊಂಡವು. ಬಿಡಿಸಿಕೊಳ್ಳಲು ಎಳೆದ. ಗಿಡ ಬಿಡಲಿಲ್ಲ, ಸ್ವೆಟರ್ ಬಿಚ್ಚಿತು. ಎಳೆದಷ್ಟೂ ಕಂದು ಉಣ್ಣೆ ಸರಸರ ಬಿಚ್ಚಿ ಎಲೆಗಳಿಂದ ಜೋತಾಡತೊಡಗಿತು. ಡೆರೆಕ್ ಸಹಾಯಕ್ಕೆಂದು ಹೇರ್ ಡ್ರೈಯರನ್ನು ಇನ್ನೂ ಜೋರು ಮಾಡಿದ, ಅಂಟು ಪೂರ್ತಿ ಒಣಗಿ ಕಲ್ಲಾಯಿತು.

ಸರಿಯಾಗಿ ಆಗಲೇ ಹಿತ್ತಲ ಗೇಟು ಕಿರುಗುಟ್ಟಿತು.

"ಚಹಾ ಹೊತ್ತಿಗೆ ಬರಬೇಕಿತ್ತು, ಗೊತ್ತು. ತಡೆಯೋಕಾಗಲಿಲ್ಲ ಬರ್ನಿ. ಹೊಸ ಕಣ್ಣು ಬಂದ ಮೇಲೆ ನೋಡ್ತಿರೋ ಮೊದಲ ಹೂವು" ಎನ್ನುತ್ತ ಎಡ್ನಾ ಸಿಸ್ಟರ್ ಒಳಗೆ ಬಂದರು. ಸಣ್ಣ ದೇಹ, ಕೈಯಲ್ಲಿ ಊರುಗೋಲು, ತಲೆಯ ಮೇಲೆ ನೀಲಿ ಟೋಪಿ. ಹಿಂದೆ ಭೂತಗನ್ನಡಿ ಹಿಡಿದ ಸಿರಿಲ್, ಮೂಗಿನ ಮೇಲೆ ಈ ಸಲ ಕನ್ನಡಕ.

ಸಿಸ್ಟರ್ ಮೊದಲು ತಲೆ ಎತ್ತಿ ಹೂವಿನ ದಂಟನ್ನು ನೋಡಿದರು. ಬಾಯಿ ಸ್ವಲ್ಪ ತೆರೆಯಿತು. ಒಂದು ಗಳಿಗೆ ಅವರು ಎಂಬತ್ತು ದಾಟಿದವರ ಹಾಗೆ ಕಾಣಲೇ ಇಲ್ಲ. ಆಮೇಲೆ ಕಣ್ಣು ಕೆಳಗಿಳಿಯಿತು. ಗಡ್ಡ, ಗುಡ್ಡ, ಗಿಡವನ್ನು ಅಪ್ಪಿಕೊಂಡು ನಿಂತ ಬರ್ನಿ, ಅವನ ಪ್ಯಾಂಟಿನ ಹಿಂದೆ ಹರಡುತ್ತಿದ್ದ ಕೆಂಪು.

"ರಕ್ತ" ಎಂದರು ಸಿಸ್ಟರ್. ಊರುಗೋಲನ್ನು ಸಿರಿಲ್ ಕೈಗೆ ತುರುಕಿದರು. "ಹಿಲ್ಡಾ, ಕತ್ತರಿ! ಬಿಸಿನೀರು, ಅಯೋಡಿನ್! ಡೆರೆಕ್, ಆ ಯಂತ್ರ ನಿಲ್ಲಿಸು, ಬರ್ನಿಯ ಕಾಲು ಹಿಡಿ!"

ಸ್ವೆಟರಿನ ತೋಳುಗಳನ್ನು ಕತ್ತರಿಸಿ ಬರ್ನಿಯನ್ನು ಗಿಡದಿಂದ ಬೇರೆ ಮಾಡಿದರು. ಅಡುಗೆಮನೆಗೆ ಹೊತ್ತು ತಂದು, ಚಹಾಕ್ಕೆ ಅಂತ ಬಿಳಿ ಬಟ್ಟೆ ಹಾಸಿಟ್ಟಿದ್ದ ಮೇಜಿನ ಮೇಲೆ, ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿ ಬೋರಲು ಮಲಗಿಸಿದರು. ಪ್ಯಾಂಟು ಇಳಿಯಿತು. ಉಪಕಾರ ತೀರಿಸಬೇಕೆಂದು ಕರೆದ ದಿನವೇ ಬರ್ನಿ ಮತ್ತೆ ಅದೇ ಕೈಗೆ ಸಿಕ್ಕಿದ್ದ. ಅವನು ಮೇಜುಬಟ್ಟೆಯಲ್ಲಿ ಮುಖ ಹುದುಗಿಸಿದ.

ಕಿಟಕಿಯಾಚೆಯಿಂದ ಸಿರಿಲ್‌ನ ದನಿ ಏರಿ ಬಂತು.

"ನೂಲಿದೆ! ಸಿಸ್ಟರ್, ನೂಲಿದೆ! ಬೆಳಿಗ್ಗೆ ನನಗೆ ಕಾಣಲೇ ಇಲ್ಲ!"

"ಸರಿಯಪ್ಪ" ಎಂದರು ಸಿಸ್ಟರ್, ಗಾಯ ಒರೆಸುತ್ತ.

"ಆದ್ರೆ ಎಲೆ ಬಾಕು ಯುಕ್ಕಾದ್ದು! ನೂಲು ಎರಡು ಬಣ್ಣ, ಬಿಳಿ, ಕಂದು! ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ. ಇದು ಹೊಸಾ ಜಾತಿ! ನನ್ನ ಹೆಸರಿಡಬೇಕು ಇದಕ್ಕೆ!" ಆಮೇಲೆ ದನಿ ಸಣ್ಣಗಾಯಿತು. "ಇಲ್ಲೊಂದು ನೂಲಿಗೆ ಗಂಟು ಹಾಕಿದೆ."

ಹಿಲ್ಡಾ ಒಲೆಯ ಕಡೆ ತಿರುಗಿ ನಗು ನುಂಗುತ್ತ ಭುಜ ಕುಣಿಸತೊಡಗಿದಳು. ಡೆರೆಕ್ "ಹಕ್ಕಿಗೆ ಅಂತ ಅಲ್ವಾ ಅದು?" ಎಂದ. ಇನ್ನು ಬಚ್ಚಿಡಲು ಬರ್ನಿಯ ಬಳಿ ಏನೂ ಉಳಿದಿರಲಿಲ್ಲ, ಪ್ಯಾಂಟು ಕೂಡ.

"ಸಿಸ್ಟರ್," ಎಂದ ಮೇಜಿನೊಳಗೆ ಮಾತಾಡುವವನ ಹಾಗೆ, "ಆ ಗಿಡ ನಿಮ್ಮದಲ್ಲ. ನೀವು ಕೊಟ್ಟದ್ದು ಮೊದಲನೇ ಚಳಿಗಾಲಕ್ಕೇ ಸತ್ತುಹೋಯ್ತು. ನಾನು ಅಂಗಡಿಯಿಂದ ಬೇರೇದು ತಂದು ನೆಟ್ಟು ನಿಮ್ಮದೇ ಅಂತ ಹೇಳ್ತಾ ಬಂದೆ. ಇಷ್ಟು ವರ್ಷ. ನೀವು ನನಗೆ ಅಷ್ಟೆಲ್ಲ ಮಾಡಿದ್ರಿ, ನಾನು... ನನ್ನ ಕ್ಷಮಿಸಿ."

ಎಡ್ನಾ ಸಿಸ್ಟರ್ ಹತ್ತಿಯನ್ನು ಅಯೋಡಿನ್ನಿಗೆ ಅದ್ದಿ ಒತ್ತಿದರು. ಬರ್ನಿ ಕಿರುಚಿದ.

"ಗೊತ್ತು" ಎಂದರು.

"ಗೊತ್ತಾ?"

"ಅಲ್ವೋ ಪೆದ್ದೇ, ಕಣ್ಣು ಮಂಜಾದ್ರೆ ಬೆರಳೂ ಮಂಜಾಗುತ್ತಾ? ನಲವತ್ತು ವರ್ಷ ಕತ್ತಲೇಲಿ ಮಕ್ಕಳ ಹೆರಿಗೆ ಮಾಡಿಸಿದ ಕೈ ಇದು. ನೂಲಿರೋ ಎಲೆ ಯಾವುದು, ನುಣ್ಣಗಿರೋದು ಯಾವುದು ಅಂತ ಗೊತ್ತಾಗಲ್ವಾ? ನೀನು ತಂದಿಟ್ಟ ವಾರದಲ್ಲೇ ಗೊತ್ತಾಯ್ತು. ಪಾಪ, ನಂಗೆ ಬೇಜಾರಾಗಬಾರದು ಅಂತ ಮಾಡಿದಾನೆ ಅಂದ್ಕೊಂಡು ಸುಮ್ಮನಿದ್ದೆ."

ಬರ್ನಿ ಕತ್ತು ಹೊರಳಿಸಿ ಅವರ ಮುಖ ನೋಡಲು ಹೆಣಗಿದ. "ಹಾಗಾದ್ರೆ ಇಷ್ಟು ವರ್ಷ ಬಂದು ನನ್ನ ಗಿಡ ನನ್ನ ಗಿಡ ಅಂತಿದ್ರಲ್ಲ..."

"ಅದು ನಂದೇ ಕಣೋ."

ಹಿಲ್ಡಾಳ ಭುಜ ಕುಣಿಯುವುದು ನಿಂತಿತು. ಸಿರಿಲ್ ಕಿಟಕಿಯಲ್ಲಿ ಭೂತಗನ್ನಡಿ ಸಮೇತ ತಲೆ ಒಳಗೆ ಹಾಕಿದ.

"ಅಂಗಡಿಯಿಂದ ತಂದೆಯಲ್ಲ, ಅದೂ ಮಾರನೇ ಚಳಿಗಾಲ ಸತ್ತಿತು" ಎಂದರು ಸಿಸ್ಟರ್, ಪ್ಲಾಸ್ಟರ್ ಕತ್ತರಿಸುತ್ತ. "ಆ ವರ್ಷ ಹಿಮ ಬಿದ್ದು ಬಿದ್ದು ಕರಗಿತಲ್ಲ, ಆವಾಗ. ನೀನು ಗೋಣಿ ಸುತ್ತಿ ಕೈ ತೊಳ್ಕೊಂಡಿದ್ದೆ. ನಾನು ಗೋಣಿಯೊಳಗೆ ಕೈ ಹಾಕಿ ನೋಡಿದ್ರೆ ಕೊಳೆತ ಗೆಡ್ಡೆ. ನೀನು ಹಾಕಿದ ಮರಳು ಒಂದು ಮುಷ್ಟಿ, ಅಡೀಲಿ ನೀರು ನಿಂತು ಕೆರೆ. ವಸಂತದಲ್ಲಿ ಗೋಣಿ ಬಿಚ್ಚಿದಾಗ ನಿನ್ನ ಮುಖ ಹೇಗಾಗುತ್ತೆ ಅಂತ ನೆನೆಸ್ಕೊಂಡು ನಂಗೆ ನಿದ್ದೆ ಬರಲಿಲ್ಲ. ನುಣ್ಣಗಿರೋದೇ ಬೇಕು, ಇಲ್ಲಾಂದ್ರೆ ನಿಂಗೆ ಗೊತ್ತಾಗುತ್ತೆ. ಅದಕ್ಕೆ ಆಚೆ ಊರಿನ ಆರೈಕೆ ಮನೆ ತೋಟಕ್ಕೆ ಹೋಗಿ, ಅಲ್ಲಿನ ದೊಡ್ಡ ಗಿಡದ ಬುಡದಿಂದ ಒಂದು ಕಂದು ಬೇಡಿ ತಂದೆ. ನೀನು ಕೆಲಸಕ್ಕೆ ಹೋದಾಗ ಡೆರೆಕ್ ಕೈಲಿ ಗುಂಡಿ ತೋಡಿಸಿ, ಮೂರು ಬಕೆಟ್ ಹೆಂಚಿನ ಚೂರು ಹಾಕಿ, ನೆಟ್ಟು, ಅದೇ ಗೋಣಿ ವಾಪಸ್ ಸುತ್ತಿದೆ."

ಎಲ್ಲರೂ ಡೆರೆಕ್ ಕಡೆ ನೋಡಿದರು.

"ಸಿಸ್ಟರ್ ಯಾರಿಗೂ ಹೇಳಬೇಡ ಅಂದಿದ್ರು" ಎಂದ ಡೆರೆಕ್. "ನಾನು ಹೇಳಲಿಲ್ಲ." ಬೀದಿಯ ಯಾವ ಗುಟ್ಟನ್ನೂ ಒಂದು ಗಂಟೆಗಿಂತ ಹೆಚ್ಚು ಹೊಟ್ಟೆಯಲ್ಲಿ ಇಟ್ಟುಕೊಳ್ಳದ ಮನುಷ್ಯ ಇದೊಂದನ್ನು ಇಟ್ಟುಕೊಂಡಿದ್ದ.

"ಆಚೆ ಊರಿಗೆ ಹೇಗೆ ಹೋದ್ರಿ, ಆ ಹಿಮದಲ್ಲಿ?" ಎಂದಳು ಹಿಲ್ಡಾ.

"ಇನ್ಹೇಗೆ? ಇವನ ಬಸ್ಸಿನಲ್ಲೇ. ಬರೋವಾಗ ಸಂತೆ ಚೀಲದಲ್ಲಿ ಗಿಡ, ಮೇಲೆ ಎಲೆಕೋಸು. ಪಕ್ಕದಲ್ಲಿ ಕೂತವನಿಗೆ ಚುಚ್ಚಿ ಅವನು ಕೂಗಾಡಿದ. ಇವನು ಬಸ್ ನಿಲ್ಲಿಸಿ ಬಂದು ಅವನಿಗೇ ಬೈದ, ವಯಸ್ಸಾದ ಹೆಂಗಸಿಗೆ ಜಾಗ ಬಿಡೋಕೆ ಬರಲ್ವಾ ಅಂತ."

ಬರ್ನಿಗೆ ಆ ದಿನ ನೆನಪಾಯಿತು. ಎಲೆಕೋಸೂ ನೆನಪಾಯಿತು. ಮೇಜುಬಟ್ಟೆ ಅವನ ಕೆನ್ನೆಯ ಕೆಳಗೆ ಒದ್ದೆಯಾಯಿತು. ಅವನ ಜನ್ಮದಲ್ಲಿ ಯಾರೂ ಅವನಿಗಾಗಿ ಇಷ್ಟು ಮಾಡಿರಲಿಲ್ಲ, ಮಾಡಿದ್ದನ್ನು ಇಷ್ಟು ಕಾಲ ಬಚ್ಚಿಟ್ಟಿರಲಿಲ್ಲ. ಒಂದು ಉಪಕಾರದ ಭಾರಕ್ಕೇ ಬೆನ್ನು ಬಾಗಿತ್ತು, ಈಗ ನೋಡಿದರೆ ಎರಡು, ಇವತ್ತಿನ ಪ್ಲಾಸ್ಟರ್ ಸೇರಿ ಮೂರು.

"ಆವಾಗ್ಲೇ ನಂಗೆ ಯಾಕೆ ಹೇಳಲಿಲ್ಲ ಸಿಸ್ಟರ್?"

"ಹೇಳಿದ್ರೆ ನೀನು ಸುಮ್ಮನಿರ್ತಿದ್ದೆಯಾ? ಥ್ಯಾಂಕ್ ಯೂ ಅಂತಿದ್ದೆ. ಮೂರನೇದೂ ಹೋಗ್ತಿತ್ತು."

"ಸಿಸ್ಟರ್... ಥ್ಯಾ..."

ಹಿಲ್ಡಾ ಒಂದು ದೊಡ್ಡ ತುಂಡು ಕೇಕನ್ನು ಅವನ ಬಾಯಿಗೆ ತುರುಕಿದಳು. ಡೆರೆಕ್ ಗದ್ದವನ್ನು ಕೆಳಗಿನಿಂದ ಒತ್ತಿ ಹಿಡಿದ. ಸಿರಿಲ್ ಕಿಟಕಿಯಾಚೆ ಓಡಿಹೋಗಿ ಹೂವಿನ ದಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತ, ಗಂಡಾಂತರ ಬಂದರೆ ತಡೆಯುವವನ ಹಾಗೆ.

ಆಮೇಲೆ ಚಹಾ ಆಯಿತು. ಬರ್ನಿ ನಿಂತುಕೊಂಡೇ ಕುಡಿದ. ಸಿಸ್ಟರ್ ಕುರ್ಚಿಯನ್ನು ಹಿತ್ತಲಿಗೆ ಹಾಕಿಸಿಕೊಂಡು, ಹೂವನ್ನು ನೋಡುತ್ತ ಬಹಳ ಹೊತ್ತು ಕೂತರು. ಬಿಸಿಲು ಇಳಿದಂತೆ ಗಂಟೆಗಳು ಇನ್ನಷ್ಟು ಅರಳಿ, ಸಣ್ಣಗೆ ಒಂದು ಪರಿಮಳ ಬಂತು. ಸಿರಿಲ್ ಚೀಟಿಯ ಮೇಲೆ ಬಾಕು ಯುಕ್ಕಾ ಎಂದು ಬರೆದು, ಕೆಳಗೆ ಎಡ್ನಾ ಹೆಸ್ಲಪ್ ಕೊಟ್ಟದ್ದು ಎಂದು ಸೇರಿಸಿ, ಸ್ವೆಟರಿನ ಕಂದು ಉಣ್ಣೆಯಲ್ಲೇ ಕಟ್ಟಿದ.

ಕತ್ತಲಾಗುವ ಮುಂಚೆ ಬರ್ನಿ ಕುಂಟುತ್ತ ಸಿಸ್ಟರನ್ನು ಅವರ ಗೇಟಿನವರೆಗೆ ಬಿಡಲು ಹೋದ. ಇವತ್ತು ಹೇಳದಿದ್ದರೆ ತನ್ನ ಎದೆ ಒಡೆದೇ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ಗಿಡ ಹೋಗುತ್ತದೆ ಎಂದೂ ಗೊತ್ತಿತ್ತು. ಗೇಟಿನ ಹತ್ತಿರ ನಿಂತ. ಟೋಪಿ ತೆಗೆದ.

"ಸಿಸ್ಟರ್, ನಿಮ್ಮ ಗಿಡ ಬಲು ದರಿದ್ರದ್ದು" ಎಂದ. ಕಣ್ಣಲ್ಲಿ ನೀರು ತುಂಬಿತ್ತು. "ಚುಚ್ಚುತ್ತೆ. ವರ್ಷಗಟ್ಟಲೆ ಸುಮ್ಮನೆ ನಿಂತು ಜಾಗ ತಿನ್ನುತ್ತೆ. ಅಂಥ ಕೆಟ್ಟ ಗಿಡವನ್ನ ಈ ಭೂಮಿ ಮೇಲೆ ಇನ್ನೊಬ್ಬರು ನನಗೆ ಕೊಡ್ತಿರಲಿಲ್ಲ."

ಎಡ್ನಾ ಸಿಸ್ಟರ್ ಅವನನ್ನು ತಮ್ಮ ಹೊಸ ಕಣ್ಣಿನಿಂದ ಚೆನ್ನಾಗಿ ನೋಡಿದರು. ಕೈ ಎತ್ತಿ ಅವನ ಕೆನ್ನೆ ತಟ್ಟಿದರು.

"ಇಷ್ಟು ಒಳ್ಳೇ ಮಾತು ನನಗೆ ಯಾರೂ ಆಡಿರಲಿಲ್ಲ ಕಣೋ ಬರ್ನಿ."

ಬರ್ನಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಹೇಳಿದ್ದಾಯಿತು, ಗಿಡವೂ ಉಳಿಯಿತು, ಋಣ ತೀರಿತು. ಹಗುರವಾಗಿ ಒಂದು ಉಸಿರು ಬಿಟ್ಟು ಮನೆಯ ಕಡೆ ತಿರುಗಿದ.

"ನಿಲ್ಲು, ನಿಲ್ಲು" ಎಂದರು ಸಿಸ್ಟರ್. ಗೇಟಿನ ಹಿಂದೆ ಬಗ್ಗಿ, ಒಂದು ಮಣ್ಣಿನ ಕುಂಡವನ್ನು ಎರಡು ಕೈಯಲ್ಲಿ ಎತ್ತಿ ಅವನ ತೋಳಿಗಿಟ್ಟರು. ಅದರಲ್ಲಿ ಎಳೆಯ ಯುಕ್ಕಾ, ಪ್ರತಿ ಎಲೆಯ ಅಂಚಿನಿಂದಲೂ ಬಿಳಿ ನೂಲು ಸುರುಳಿ ಸುರುಳಿಯಾಗಿ ಇಳಿದಿತ್ತು. ಯಾರೂ ಅಂಟಿಸಿದ್ದಲ್ಲ. "ನಿನಗೆ ನೂಲಿನದರ ಮೇಲೆ ಇಷ್ಟು ಆಸೆ ಅಂತ ಇವತ್ತೇ ಗೊತ್ತಾದದ್ದು. ಬೇಸಿಗೇಲೇ ಕಂದು ಬಿಡಿಸಿಟ್ಟಿದ್ದೆ. ತಗೊಂಡು ಹೋಗು."

ಬರ್ನಿ ಆ ಕುಂಡವನ್ನು ನೋಡಿದ, ಆ ಸಣ್ಣ ಮುದುಕಿಯನ್ನು ನೋಡಿದ. ಅವನ ಪಕ್ಕದಲ್ಲಿ ಹಿಲ್ಡಾ ಇರಲಿಲ್ಲ. ಕೇಕೂ ಇರಲಿಲ್ಲ.

"ಥ್ಯಾಂಕ್ ಯೂ ಸಿಸ್ಟರ್!"

ಬೀದಿಯ ಆ ತುದಿಗೆ ಕೇಳುವಷ್ಟು ಜೋರಾಗಿ ಬಂತು ಮಾತು. ಡೆರೆಕ್‌ನ ಕಿಟಕಿ ತೆರೆಯಿತು. ಹಿಲ್ಡಾ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಳು. ಬರ್ನಿ ಎರಡೂ ಕೈಯಲ್ಲಿ ಕುಂಡ ಹಿಡಿದಿದ್ದರಿಂದ ಬಾಯಿ ಮುಚ್ಚಿಕೊಳ್ಳಲು ಕೈಯೂ ಇರಲಿಲ್ಲ.

ಎಡ್ನಾ ಸಿಸ್ಟರ್ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದರು. ಕುಂಡದ ಗಿಡವನ್ನು, ಹೋಗುವವರನ್ನು ನೋಡುವ ಹಾಗೆ ಒಮ್ಮೆ ನೋಡಿದರು.

"ಹೋಗ್ಲಿ ಬಿಡು" ಎಂದರು. "ನನ್ನ ಹತ್ರ ಇದೇ ಕೊನೇ ಕಂದು, ಇನ್ನೊಂದು ತಂದಿಡಬೇಕಾಗುತ್ತೆ. ಸೋಮವಾರ ನಿನ್ನ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತೆ?"